ಅಡುಗೆಮನೆ ಬಾಗಿಲಿನ ಹಲಗೆ

ನಮ್ಮ ಮನೆಯ ಮರದ ನೆಲ ನನ್ನ ಹೆಂಡತಿಯ ಪಕ್ಷದ್ದು. ನಾನು ಎಲ್ಲಿ ಹೆಜ್ಜೆ ಇಟ್ಟರೂ 'ಕಿರ್ರ್' ಎಂದು ಅವಳಿಗೆ ವರದಿ ಒಪ್ಪಿಸುತ್ತದೆ. ವೈದ್ಯರು ನನಗೆ ಸಿಹಿ ನಿಷೇಧಿಸಿ ಮೂರು ವರ್ಷವಾಯಿತು. "ನಿಮಗಿಲ್ಲದ್ದು ನನಗ್ಯಾಕೆ?" ಎಂದು ಅವಳೂ ಅಂದೇ ಸಿಹಿ ತಿನ್ನುವುದನ್ನು ಬಿಟ್ಟಳು. (ಇಂಥ ಮಹಾತ್ಯಾಗದ ಮುಂದೆ ಗಂಡನಾದವನು ತಲೆ ತಗ್ಗಿಸದೆ ಇನ್ನೇನು ಮಾಡಬೇಕು?) ಆದರೂ ಅತಿಥಿಗಳಿಗೆಂದು ಇಟ್ಟ ಬಿಸ್ಕತ್ತಿನ ಡಬ್ಬಿ ವಾರವಾರ ಬರಿದಾಗುತ್ತಿತ್ತು, ಅಪವಾದ ನನ್ನ ಮೇಲೆ. ನಿಜಕ್ಕೂ ನನ್ನ ಬಾಯಿಗೆ ಒಂದು ಚೂರೂ ಬಿದ್ದಿರಲಿಲ್ಲ. ಅಡುಗೆಮನೆ ಬಾಗಿಲಿನ ಹಲಗೆ ದಾಟುವ ಮೊದಲೇ ಸಿಕ್ಕಿಬೀಳುತ್ತಿದ್ದೆ.

ಹಾಗಾಗಿ ಹೊಸ ನೆಲ ಹಾಕಿಸುವ ಯೋಜನೆ ನನ್ನದೇ. ನೆಲದ ಕೆಲಸದವನು ಬಂದು ನೋಡಿ, "ಅಡಿ ಹಲಗೆ ಅಲುಗಾಡಿದ್ರೆ ಮೇಲಿಂದು ಚಿನ್ನದ್ದಾದ್ರೂ ಕಿರುಗುಟ್ಟತ್ತೆ ಸಾರ್. ಮೊದಲು ಇದನ್ನ ಬಿಗಿ ಮಾಡ್ಸಿ" ಎಂದ.

"ಮಾಡಿಸೋದೇನು, ನಾನೇ ಮಾಡ್ತೀನಿ" ಎಂದೆ.

"ಗೋಡೆಗೆ ಮೊಳೆ ಹೊಡೆಯೋಕೆ ಹೋಗಿ ಗಡಿಯಾರ ಒಡೆದೋರು!" ಎಂದಳು ಹೆಂಡತಿ. "ಇರೋ ನೆಲಕ್ಕೇನಾಗಿದೆ? ಸದ್ದು ಮಾಡ್ತಾ ಇದ್ರೆ ಮನೆ ತುಂಬಿದ ಹಾಗಿರತ್ತೆ."

ಎರಡು ದಿನ ಮಂಡಿಯೂರಿದೆ. ಹಳೆಯ ಹಾಸು ಕಿತ್ತೆ, ಎದ್ದ ಮೊಳೆಗಳನ್ನು ಇಕ್ಕಳದಿಂದ ಎಳೆದೆ, ಉಬ್ಬು ಉಜ್ಜಿದೆ, ತಗ್ಗಿಗೆ ಲೇಪ ತುಂಬಿದೆ. ಕಿರುಗುಟ್ಟಿದ ಹಲಗೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಕೆಳಗಿನ ತೊಲೆ ಕಚ್ಚುವಂತೆ ಸ್ಕ್ರೂ ಬಿಗಿದೆ. ಅಡುಗೆಮನೆ ಬಾಗಿಲಿನದಕ್ಕೆ ಒಟ್ಟು ಆರು.

ಮೂರನೆಯ ದಿನ ಮಧ್ಯಾಹ್ನ ವಿಜಯಯಾತ್ರೆ ಹೊರಟೆ. ನೆಲ ತುಟಿಪಿಟಕ್ಕೆನ್ನಲಿಲ್ಲ. ಬಾಗಿಲಿನ ಹಲಗೆಯೂ ಮೌನ. ಅಡುಗೆಮನೆಗೆ ಕಾಲಿಟ್ಟವನು ನಿಂತಲ್ಲೇ ಕಂಬವಾದೆ.

ನನ್ನ ಧರ್ಮಪತ್ನಿ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಎರಡೂ ಕೆನ್ನೆ ಉಬ್ಬಿದ್ದವು.

ಮೂರು ವರ್ಷ ನನ್ನ ಹೆಜ್ಜೆಯ ಸದ್ದು ಕೇಳಿಯೇ ಅವಳು ಡಬ್ಬಿ ಮುಚ್ಚುತ್ತಿದ್ದಳು! ಅವಳಿಗೆ ಮಾತು ಹೊರಟಿತು, ಬಾಯಲ್ಲಿದ್ದದ್ದನ್ನು ನುಂಗಿದ ಮೇಲೆ.

"ಕಳ್ಳನ ಹಾಗೆ ಹೀಗಾ ಬರೋದು? ನನ್ನೆದೆ ಒಡೆದುಹೋಗಿದ್ರೆ? ಅಂದ ಹಾಗೆ, ನಿಮಗೇನ್ರೀ ಕೆಲಸ ಇಲ್ಲಿ?"

ನೀರು ಕುಡಿಯಲು ಬಂದವನಂತೆ ಲೋಟಕ್ಕೆ ಕೈ ಹಾಕಿದೆ.

ಸಂಜೆ ಕೆಲಸದವನು ಬಂದು ಮನೆಯುದ್ದಕ್ಕೂ ತುಳಿದು ಪರೀಕ್ಷಿಸಿದ. ಅಡುಗೆಮನೆ ಬಾಗಿಲಿನಲ್ಲಿ 'ಕಿರ್ರ್' ಎಂದಿತು. ಗಾಬರಿಯಿಂದ ಬಗ್ಗಿ ನೋಡಿದೆ. ಆರು ತೂತುಗಳಿದ್ದವು, ಸ್ಕ್ರೂ ಒಂದೂ ಇಲ್ಲ.

"ಇದೊಂದು ಮರೆತುಬಿಟ್ರಲ್ಲ ಸಾರ್!"

"ಅವರ ಕೈಲಿ ಇಷ್ಟಾದದ್ದೇ ಹೆಚ್ಚು. ಇರಲಿ ಬಿಡಪ್ಪ, ಅದರ ಮೇಲೇ ಹಾಕ್ಬಿಡು" ಎನ್ನುತ್ತ ಹೆಂಡತಿ ಅವನ ಮುಂದೆ ಡಬ್ಬಿ ಹಿಡಿದಳು. ನಾನೂ ಕೈ ಚಾಚಿದೆ. ಡಬ್ಬಿ ಹಿಂದೆ ಸರಿಯಿತು.

"ಅವರಿಗೆ ಬೇಡ. ಪಾಪ, ಸಿಹಿ ಮುಟ್ಟದೆ ಮೂರು ವರ್ಷ ಆಯ್ತು."