ಹತ್ತೊಂಬತ್ತು ಬಲೆಗಳು

ನನಗೆ ಎಣಿಸುವ ಚಟ. ಕುಡಿದ ಚಹಾ, ತಪ್ಪಿದ ಬಸ್ಸು, ಕಳೆದುಕೊಂಡ ಕೊಡೆ, ಎಲ್ಲಕ್ಕೂ ಡೈರಿಯಲ್ಲಿ ತಾರೀಕು ಸಮೇತ ಗೀಟು ಎಳೆಯುತ್ತೇನೆ. ಅತಿ ಉದ್ದದ ಸಾಲು ಇರುವುದು "ನೀನು ಎಂತ ಕಲಿಯುವುದು?" ಎಂಬ ಪ್ರಶ್ನೆಗೆ. ವಿಜ್ಞಾನ ಮತ್ತು ತಂತ್ರಜ್ಞಾನದ ಇತಿಹಾಸ ಎಂದರೆ ಬಿಜೈಯ ನಮ್ಮ ಮನೆಗೆ ಬಂದ ನೆಂಟರು ಚಹಾದ ಲೋಟ ಕೆಳಗಿಡುತ್ತಾರೆ. ಹೋಟೆಲ್ ನಡೆಸುವ ಮಾವನಂತೂ, "ಸೈನ್ಸಾ, ಹಿಸ್ಟರಿಯಾ? ಒಂದು ಕಡೆ ನಿಲ್ಲು ಮಾರಾಯ" ಎಂದರು. ಮೂರು ವರ್ಷದಿಂದ ನಿಲ್ಲಲು ಪ್ರಯತ್ನಿಸುತ್ತಲೇ ಇದ್ದೇನೆ. ನಮ್ಮ ಕರಾವಳಿಯ ಮೀನುದೋಣಿಗಳಿಗೆ ಎಂಜಿನ್ ಬಂದ ಕಥೆ ನನ್ನ ವಿಷಯ. ಮೀನಿನೊಂದಿಗೆ ನನಗಿದ್ದ ಸಂಬಂಧ ಊಟದ ತಟ್ಟೆಯದು ಮಾತ್ರ. ಆ ಕಾಲದ ಎಂಜಿನ್ ಒಂದನ್ನೂ ಕಂಡವನಲ್ಲ. "ಎಂಜಿನ್ ನೋಡದೆ ಬರೆದ ಎಂಜಿನ್ನಿನ ಅಧ್ಯಾಯವನ್ನು ನಾನು ಒಪ್ಪೋದಿಲ್ಲ" ಎಂದು ನನ್ನ ಗೈಡ್ ಮೇಡಂ ತಿಂಗಳ ಕೊನೆಯ ಗಡುವು ಕೊಟ್ಟಿದ್ದರು.

ಮಾರ್ಚ್ ನಾಲ್ಕು, ಮಂಗಳವಾರ, ಬೋಳಾರದ ತಿಮ್ಮಪ್ಪಜ್ಜನ ಮನೆಗೆ ಹೋದೆ. ಎಂಬತ್ತು ದಾಟಿದ ಅವರು ಹಳೆಯ ದೋಣಿ ಮೆಕ್ಯಾನಿಕ್. ಬಾಗಿಲಲ್ಲಿ ನಿಂತಿದ್ದ ಮಗಳು ಜಲಜಕ್ಕನಿಗೆ, ಡಾಕ್ಟರೇಟ್ ಮಾಡ್ತಾ ಇದ್ದೇನೆ ಎಂದೆ. ಅವರು ಒಳಗೆ ತಿರುಗಿ, "ಅಪ್ಪಾ, ಡಾಕ್ಟ್ರು ಬಂದಿದ್ದಾರೆ" ಎಂದು ಕೂಗಿದರು. ಅಜ್ಜ ಬಂದವರೇ ಮೊಣಕಾಲು ತೋರಿಸಿದರು. ಕಡಲ ದುಡಿಮೆಯ ಸಾಕ್ಷ್ಯ ಎಂದು ಬರೆದುಕೊಂಡೆ. ಮಾತು ತುಳುವಿನಲ್ಲಿ ಸಾಗಿತು. ಮೊಬೈಲ್ ರೆಕಾರ್ಡ್ ಮಾಡುತ್ತಿತ್ತು. ಅರ್ಥ ಆಮೇಲೆ ನೋಡಿಕೊಳ್ಳೋಣವೆಂದು ನಾನು ತಲೆ ತಗ್ಗಿಸಿ, ನನ್ನ ಪಟ್ಟಿಯ ಯಾವ ಪದ ಎಷ್ಟು ಸಲ ಬಂತೆಂದು ಗೀಟು ಹಾಕುತ್ತಿದ್ದೆ. ಎಂಜಿನ್ ನಾಲ್ಕು, ಬಲೆ ಹತ್ತೊಂಬತ್ತು! ಅಜ್ಜ ಆಗಾಗ ಎದ್ದು ನಿಲ್ಲುತ್ತಿದ್ದರು. ಮೊಣಕಾಲು ನೋವು, ಪಾಪ, ಎಂದುಕೊಂಡೆ.

ಐದು ದಿನದಲ್ಲಿ ಅಧ್ಯಾಯ ಸಿದ್ಧವಾಯಿತು. ಜನರ ನೆನಪಿನಲ್ಲಿ ಉಳಿದದ್ದು ಎಂಜಿನ್ ಅಲ್ಲ, ಬಲೆ. ಆದ್ದರಿಂದ ಎಂಜಿನ್ ನೋಡುವ ಅಗತ್ಯವೇ ಇಲ್ಲ ಎಂಬ ಘನ ವಾದ, ಹನ್ನೊಂದು ಪುಟ, ಒಂದು ನಕ್ಷೆ. ಭಾನುವಾರ ಬಂಗುಡೆ ಮೀನು ಹೆಚ್ಚುತ್ತಿದ್ದ ಅಮ್ಮನ ಮುಂದೆ ಹೆಮ್ಮೆಯಿಂದ ರೆಕಾರ್ಡಿಂಗ್ ಹಾಕಿದೆ. ಕತ್ತಿ ನಿಂತಿತು.

"ಅವರು ನಿನ್ನನ್ನು ಕರೆಯುವುದಲ್ವಾ ಮಾರಾಯ? ಹಿತ್ತಲಿಗೆ ಬನ್ನಿ, ತೋರಿಸ್ಲಿಕ್ಕೆ ಉಂಟು ಅಂತ ಹೇಳ್ತಾ ಇದ್ದಾರೆ. ನೀನು ಎಂತ ಕಂಬದ ಹಾಗೆ ಕೂತದ್ದಾ?"

'ಹಿತ್ತಲು' ನನ್ನ ಪಟ್ಟಿಯಲ್ಲಿರಲಿಲ್ಲ. ಇನ್ನು ಬಲೆ. ತುಳುವಿನಲ್ಲೂ ಬಲೆ ಎಂದರೆ ಬಲೆಯೇ. ಆದರೆ 'ಬನ್ನಿ' ಎನ್ನುವುದಕ್ಕೂ 'ಬಲೆ' ಎಂದೇ ಹೇಳುವುದು. ಕಿರಿಯರಿಗಾದರೆ 'ಬಲ', ಅಂದರೆ ಬಾ. ಅಜ್ಜನ ಪ್ರಾಯದವರು ನನಗೆ 'ಬಲ' ಎನ್ನಬೇಕು. ಡಾಕ್ಟ್ರೆಂದು ತಿಳಿದು 'ಬಲೆ' ಎಂದಿದ್ದರು. ಹುಟ್ಟಿದಂದಿನಿಂದ ಯಾರೂ ನನಗೆ ಬಹುವಚನ ಕೊಟ್ಟ ದಾಖಲೆ ಡೈರಿಯಲ್ಲಿಲ್ಲ. ಹಾಗಾಗಿ ಮರ್ಯಾದೆ ಕಿವಿಗೆ ಬಿದ್ದಾಗ ಅದನ್ನು ಮೀನು ಹಿಡಿಯುವ ಸಾಧನವೆಂದು ತಿಳಿದೆ.

ಸೋಮವಾರ ಬೆಳಿಗ್ಗೆ ಬೋಳಾರಕ್ಕೆ ಓಡಿದೆ.

"ಓ ಡಾಕ್ಟ್ರೇ, ಅಪ್ಪ ಅಷ್ಟು ಕರೆದ್ರೂ ನೀವು ಏಳ್ಲೇ ಇಲ್ಲ" ಎಂದರು ಜಲಜಕ್ಕ. "ಹಿತ್ತಲಲ್ಲಿರುವ ಹಳೇ ಎಂಜಿನ್ ನಿಮಗೆ ಬೇಡ ಅಂದ್ಕೊಂಡು ಪಂಪ್‌ವೆಲ್‌ನ ಗುಜರಿಯವನಿಗೆ ಹೇಳಿ ಆಯ್ತು. ಹತ್ತು ಗಂಟೆಗೆ ಬರ್ತಾನೆ."

ಗಡಿಯಾರದಲ್ಲಿ ಒಂಬತ್ತು ನಲವತ್ತು. ಜಗಲಿಯಲ್ಲಿ ನಿಂತೇ ಎಲ್ಲ ಒಪ್ಪಿಕೊಂಡೆ. ಬಲೆಯ ಗೀಟುಗಳನ್ನು ಡೈರಿ ತೆರೆದು ತೋರಿಸಿದೆ. ತಿಮ್ಮಪ್ಪಜ್ಜ ಕೆಮ್ಮು ಬರುವವರೆಗೆ ನಕ್ಕರು.

"ಹಾಗಾದ್ರೆ ನನ್ನ ಮೊಣಕಾಲಿಗೆ ಮದ್ದು?"

"ನಾನು ಆ ಡಾಕ್ಟ್ರಲ್ಲ ಅಜ್ಜ. ಈ ಎಂಜಿನ್ ಹೋದ್ರೆ ಯಾವ ಡಾಕ್ಟ್ರೂ ಆಗುವುದಿಲ್ಲ."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಲಜಾ, ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡು" ಎಂದು, ಕೋಲೂರಿ ಎದ್ದು, ಹಿತ್ತಲ ಕಡೆ ಕೈ ಬೀಸಿದರು.

"ಬಲ."

ನನ್ನ ಬಹುವಚನ ಆರು ದಿನ ಬಾಳಿತು. ನಾನು ಹಿಂದೆಯೇ ನಡೆದೆ. ತೆಂಗಿನ ಮಡಲುಗಳ ಕೆಳಗೆ ಎಂಜಿನ್ ಇತ್ತು. ಅದರ ಮೇಲೆ ಒಂದು ಹೇಂಟೆ ಕಾವಿಗೆ ಕೂತಿತ್ತು. ಎಂಜಿನ್ನಿನ ನಂಬರ್ ಬರೆದುಕೊಳ್ಳೋಣವೆಂದು ಜೇಬು ತಡಕಿದೆ. ಡೈರಿ ಜಗಲಿಯಲ್ಲೇ ಉಳಿದಿತ್ತು. ತರಲು ತಿರುಗಿದರೆ ಅಜ್ಜ ತೋಳು ಹಿಡಿದರು. "ಮೊದಲು ನೋಡು ಮಾರಾಯ!"

ಸಂಜೆ ನೆನಪಿನಿಂದ ಬರೆದೆ: ಎಂಜಿನ್ ಒಂದು, ಹೇಂಟೆ ಒಂದು, ಬಲ ಒಂದು. ಮೊಟ್ಟೆ ಎಷ್ಟೆಂದು ಎಣಿಸಲು ಹೇಂಟೆ ಬಿಡಲಿಲ್ಲ.