ಮನೆಯಲ್ಲಿ ಹುಷಾರಿಲ್ಲ

"ಒಂದು ತಿಂಗಳು! ಒಂದೇ ಒಂದು ತಿಂಗಳು ಕೊಡಿ. ಈ ಗಿಳಿಯ ಬಾಯಲ್ಲಿ ಭಾಷಣ ಮಾಡಿಸದಿದ್ದರೆ ನನ್ನ ಹೆಸರು ಬದಲಿಸಿ!"

ಹೀಗೆಂದು ಗುಡುಗಿದವನು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದ ಗುಮಾಸ್ತ. ಬದಲಿಸುವುದಕ್ಕೆ ಅವನಿಗೆ ಹೆಸರಾದರೂ ಎಲ್ಲಿತ್ತು? ದಿನಕ್ಕೆ ಎಂಟು ಗಂಟೆ ಫೋನ್ ಹಿಡಿದು "ಹಲೋ, ಹಲೋ" ಎನ್ನುತ್ತಿದ್ದವನನ್ನು ಆಫೀಸಿನಲ್ಲಿ ಎಲ್ಲರೂ 'ಹಲೋ' ಎಂದೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಎನ್ನುವುದೂ ಉತ್ಪ್ರೇಕ್ಷೆಯೇ. ಅವನನ್ನು ಕರೆಯುವಂಥ ಸಂದರ್ಭ ಯಾರಿಗೂ ಬರುತ್ತಿರಲಿಲ್ಲ.

ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಧೈರ್ಯ ತುಂಬುವುದು ಅವನ ಉದ್ಯೋಗ. "ಹೆದರಬೇಡಿ. ಬಾಗಿಲ ಹತ್ರ ನಿಲ್ಲಬೇಡಿ. ನಮ್ಮವರು ಹೊರಟಿದ್ದಾರೆ." ಇಷ್ಟೇ ಮಂತ್ರ. ಒಳಗಿದ್ದವರು ಅಳುತ್ತಿದ್ದರು, ಬಯ್ಯುತ್ತಿದ್ದರು, ಕೆಲವರು ಮಾಡಿದ ಪಾಪಗಳನ್ನೆಲ್ಲ ಒಪ್ಪಿಕೊಳ್ಳುತ್ತಿದ್ದರು. ಬಾಗಿಲು ತೆರೆದ ಕ್ಷಣ ಫೋನ್ ಟಕ್ ಎಂದು ಬಂದ್! ಆಮೇಲೆ ತಿರುಗಿ ಫೋನ್ ಮಾಡಿ "ನೀನು ಊಟ ಮಾಡಿದೆಯಾ ಮಾರಾಯಾ?" ಎಂದು ಕೇಳಿದ ಪುಣ್ಯಾತ್ಮರು ಇಂದಿಗೂ ಒಬ್ಬರಿಲ್ಲ.

ಅಂಥವನಿಗೆ ಗಿಳಿ ಸಿಕ್ಕಿದ್ದು ಲಿಫ್ಟಿನ ಕೇಬಲ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯಿಂದ. ಮೇಸ್ತ್ರಿಗೆ ವರ್ಗವಾಯಿತು, ಪಂಜರವನ್ನು ಹಲೋನ ಮೇಜಿನ ಮೇಲಿಟ್ಟು ನಡೆದುಬಿಟ್ಟ. ಹೊರಟ ಮೇಸ್ತ್ರಿಯ ಬೆನ್ನಿಗೆ ಹಲೋ ಎದೆಯುಬ್ಬಿಸಿ ಮೇಲಿನ ಪ್ರತಿಜ್ಞೆ ಮಾಡಿ, ಪಂಜರವನ್ನು ಮನೆಗೆ ಒಯ್ದ. ಆದರೆ ಪುಕ್ಕಟೆಯಾಗಿ ಬಂದ ಗಿಳಿಗೆ ಪುಕ್ಕ ಎಷ್ಟು ದಿನ ನಿಂತೀತು?

ಎರಡು ವಾರ ಕಳೆದರೂ ಗಿಳಿ ತುಟಿ, ಅಲ್ಲ, ಕೊಕ್ಕು ಬಿಚ್ಚಲಿಲ್ಲ. ಬದಲಿಗೆ ದಿನಾ ಸಂಜೆ ಬಾಗಿಲು ತೆಗೆದಾಗ ನೆಲದ ಮೇಲೆ ನಾಲ್ಕೈದು ಹಸಿರು ಗರಿ. "ಗರಿ ಬದಲಿಸೋ ಕಾಲ. ಹಳೇದು ಉದುರುತ್ತೆ, ಹೊಸದು ಬರುತ್ತೆ" ಎಂದು ಹಲೋ ಸರ್ವಜ್ಞನಂತೆ ಪೊರಕೆ ಹಿಡಿದ. ಹಳೆಯದು ಉದುರುತ್ತಲೇ ಇತ್ತು. ಹೊಸದು ದೀರ್ಘ ರಜೆಯ ಮೇಲಿತ್ತು. ಮೂರನೆಯ ವಾರದ ಹೊತ್ತಿಗೆ ಗಿಳಿ, ಟೋಪಿ ಇಟ್ಟುಕೊಂಡು ಅಂಗಿ ಮರೆತು ಸಭೆಗೆ ಬಂದ ದೊಡ್ಡಮನುಷ್ಯನ ಹಾಗೆ ಕಾಣತೊಡಗಿತು. ತಲೆ ತುಂಬ ಹಸಿರು, ಎದೆ ಪೂರ್ತಿ ಬೋಳು!

ಪಶುವೈದ್ಯೆ ಕನ್ನಡಕ ಏರಿಸಿ ನೋಡಿದರು.

"ಇದು ಉದುರಿದ್ದಲ್ಲ, ಇದೇ ಕಿತ್ಕೊಂಡಿದ್ದು. ತಲೆ ನೋಡಿ, ಒಂದು ಗರೀನೂ ಹೋಗಿಲ್ಲ. ಯಾಕೆ ಹೇಳಿ? ಕೊಕ್ಕಿಗೆ ಎಟುಕದ ಜಾಗ ಅದೊಂದೇ."

"ತನ್ನ ಪುಕ್ಕ ತಾನೇ ಕಿತ್ಕೊಳ್ಳೋದಾ! ಯಾಕೆ ಡಾಕ್ಟ್ರೇ?"

"ಮೈಗೆ ರೋಗ ಇಲ್ಲ. ಮನಸ್ಸಿಗೆ. ಮನೇಲಿ ಯಾರ್ಯಾರಿದೀರಿ?"

"ನಾನಿದೀನಿ."

"ಮತ್ತೆ?"

ಹಲೋ ಸ್ವಲ್ಪ ಯೋಚಿಸಿದ. "ಇದು ಇದೆ."

ವೈದ್ಯೆ ಪೆನ್ನು ಕೆಳಗಿಟ್ಟರು. "ಒಂಟಿಯಾಗಿದೆ. ನಾಲ್ಕು ದಿನ ರಜ ಹಾಕಿ, ಹತ್ರ ಕೂತು ಮಾತಾಡಿಸಿ."

ಇಲ್ಲಿಂದ ಅನಾಹುತ ಶುರು. ಹಲೋ ಮೇಲ್ವಿಚಾರಕರ ಮುಂದೆ ನಿಂತು, ರಜಾ ಅರ್ಜಿಗಳ ಇತಿಹಾಸದಲ್ಲೇ ಅತ್ಯಂತ ಸಾಮಾನ್ಯವಾದ ವಾಕ್ಯವನ್ನು ಬರೆದುಕೊಟ್ಟ: 'ಮನೆಯಲ್ಲಿ ಹುಷಾರಿಲ್ಲದ ಕಾರಣ'.

ಮೇಲ್ವಿಚಾರಕರು ತಲೆ ಎತ್ತಿದರು. "ಮನೇಲಿ ಅಂದ್ರೆ? ಮನೇಲೇ?"

"ಹೂಂ ಸಾರ್. ಮನೇಲೇ."

"ಏನಾಗಿದೆಯಯ್ಯಾ?"

"ಮಾತಿಲ್ಲ ಸಾರ್. ಊಟ ಸೇರ್ತಿಲ್ಲ. ಮೂಲೆ ಬಿಟ್ಟು ಕದಲೋದೇ ಇಲ್ಲ. ಮೈ ಅರ್ಧಕ್ಕರ್ಧ ಇಳಿದುಹೋಗಿದೆ. ನಾನು ಡ್ಯೂಟಿಗೆ ಬಂದ್ರೆ ಜೊತೆಗೆ ಒಂದು ನರಪಿಳ್ಳೆ ಇಲ್ವಲ್ಲ! ಒಂಟಿತನ ಅಂದ್ರು ಡಾಕ್ಟ್ರು."

ಮೇಲ್ವಿಚಾರಕರ ಕಣ್ಣು ತೇವವಾಯಿತು. "ತಗೋ, ಆರು ದಿನ ತಗೋ. ನಾನು ಇಪ್ಪತ್ತೆರಡು ವರ್ಷದಿಂದ ನಮ್ಮ ಮನೇಲಿ ಸರಿಯಾಗಿ ಮಾತಾಡ್ಸಿಲ್ಲ ಕಣೋ. ಇವತ್ತಿಂದ ನಾನೂ ಶುರು ಮಾಡ್ತೀನಿ. ಅವರನ್ನ ಕೇಳ್ದೆ ಅಂತ ಹೇಳು."

'ಅವರನ್ನ' ಎಂದಾಗ ಹಲೋನ ತಲೆಯಲ್ಲಿ ದೀಪ ಹೊತ್ತಿತು. ಅಯ್ಯೋ, ಹೆಂಡತಿ ಎಂದುಕೊಂಡರಲ್ಲ! ತಿದ್ದಬೇಕೆಂದು ಬಾಯಿ ತೆರೆದ. ಆದರೆ ಅವನ ಮನೆಗೆ 'ಕೇಳ್ದೆ ಅಂತ ಹೇಳು' ಎಂದು ಯಾರಾದರೂ ಹೇಳಿಕಳಿಸಿದ್ದು ಅದೇ ಮೊದಲು. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮೊದಲೇ ಪುಕ್ಕಲ ಬೇರೆ!

ಆರು ದಿನ ಅವನು ಪಂಜರದ ಮುಂದೆ ಕೂತ. ಮಾತಾಡಬೇಕು, ಸರಿ. ಏನನ್ನು? ತನ್ನ ಜೀವನಚರಿತ್ರೆ ಹೇಳಿದ. ಅದು ಹತ್ತು ನಿಮಿಷಕ್ಕೆ ಮುಗಿಯಿತು. ಗೋಡೆ ಕ್ಯಾಲೆಂಡರಿನ ತಾರೀಕುಗಳನ್ನು ಓದಿದ. ಕೊನೆಗೆ, ಬೋನಿನಲ್ಲಿ ಸಿಕ್ಕಿಕೊಂಡವರಿಗೆ ಹೇಳಲು ತನಗೆ ಗೊತ್ತಿರುವುದು ಒಂದೇ ಮಂತ್ರ ಎಂದು ನೆನಪಾಗಿ ಅದನ್ನೇ ಜಪಿಸಿದ. "ಹೆದರಬೇಡಿ. ಬಾಗಿಲ ಹತ್ರ ನಿಲ್ಲಬೇಡಿ." ಗಿಳಿ ಕತ್ತು ಓರೆ ಮಾಡಿ ಕೇಳಿಸಿಕೊಂಡಿತು. ಆರು ದಿನವೂ ನೆಲದ ಮೇಲೆ ಗರಿ ಬೀಳಲಿಲ್ಲ.

ಇತ್ತ ಆಫೀಸಿನಲ್ಲಿ ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತು. ಗಿಳಿ ಅಷ್ಟು ದಿನ ಕಿತ್ತೆಸೆದ ಪುಕ್ಕವೆಲ್ಲ ಹಾರಿ ಹೋಗಿ ಸುದ್ದಿಗೇ ಅಂಟಿಕೊಂಡಿತೋ ಏನೋ! ಹಲೋ ಕೆಲಸಕ್ಕೆ ಮರಳಿದ ದಿನ ಅವನ ಮೇಜಿನ ಮುಂದೆ ಮೂರು ಕುರ್ಚಿ. ಒಬ್ಬ ಅವನಿಗೇ ಚಹಾ ತಂದಿಟ್ಟ. ಸ್ಟೋರ್ ನೋಡಿಕೊಳ್ಳುತ್ತಿದ್ದ ಅಕ್ಕ ಬೋಲ್ಟಿನ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ ಕೂತೇಬಿಟ್ಟಳು.

"ಕಳ್ಳಾ! ಮದುವೆಗೆ ಕರೀಲಿಲ್ಲ, ಹೋಗ್ಲಿ. ನೋಡೋಕೆ ಹೇಗಿದಾಳೋ?"

"ಹಸಿರು..." ಎಂದು ಹಲೋ ನಾಲಿಗೆ ಕಚ್ಚಿಕೊಂಡ.

"ಹಸಿರಾ?"

"ಹಸಿರೇ ಜಾಸ್ತಿ ಒಪ್ಪುತ್ತೆ ಅಕ್ಕಾ."

"ಮುಖ?"

"ದುಂಡು ಮುಖ. ಗಿಣಿಮೂಗು."

"ಅದೃಷ್ಟವಂತ!"

ಹಲೋ ಒಂದೇ ಒಂದು ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಐದು ದಿನ ಅವನು ಸುಖವಾಗಿ ಸತ್ಯ ನುಡಿದ. ಕೂದಲಿಗೆ ಎಣ್ಣೆ, ನಿದ್ರೆಗೆ ಬಿಸಿಹಾಲು, ಮನಸ್ಸಿಗೆ ಸಂಜೆಯ ಗಾಳಿ ಎಂದು ಸಲಹೆಗಳ ಸುರಿಮಳೆಯಾಯಿತು. ಅವನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಸಂಜೆ ಮನೆಗೆ ಹೋದರೆ ನೆಲದ ಮೇಲೆ ಮತ್ತೆ ಗರಿ.

ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಎದುರಿಗೆ ಬುಟ್ಟಿ ಹಣ್ಣು ಹಿಡಿದ ಮೇಲ್ವಿಚಾರಕರು, ಹಸಿರು ಶಾಲು ಹಿಡಿದ ಸ್ಟೋರಿನಕ್ಕ, ಜೊತೆಗೆ ಅಕ್ಕನ ಅತ್ತೆ. "ಹೆಣ್ಣುಮಕ್ಕಳ ಮನಸ್ಸಿನ ಬೇನೆ ನಮ್ಮತ್ತೆಗೆ ಚೆನ್ನಾಗಿ ಅರ್ಥ ಆಗುತ್ತೆ" ಎಂದು ಅಕ್ಕ ಪರಿಚಯಿಸಿದಳು.

ಹಲೋ ಓಡಿ ಹೋಗಿ ಒಳಕೋಣೆಯ ಪರದೆ ಎಳೆದ. ಬಂದವರು ಒಳಗೆ ಕಣ್ಣಾಡಿಸಿದರು. ಒಂದು ಕುರ್ಚಿ. ಕಟ್ಟೆಯ ಮೇಲೆ ಬೋರಲು ಹಾಕಿದ ಒಂದು ತಟ್ಟೆ, ಒಂದು ಲೋಟ. ಮೊಳೆಗೆ ನೇತುಹಾಕಿದ ಒಂದು ಟವೆಲ್. ಅಕ್ಕನ ಹುಬ್ಬು ಗಂಟಿಕ್ಕಿತು.

"ಎಲ್ಲಿ ಅವಳು?"

"ಒಳಗೆ... ಮಲಗಿದೆ... ಅಂದ್ರೆ..."

ಮೇಲ್ವಿಚಾರಕರು ಒಳಕೋಣೆಯ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ತೀರಾ ಮೃದುವಾಗಿ ಕರೆದರು. "ಅಮ್ಮಾ, ಹೇಗಿದೀರಿ?"

ಒಳಗಿನಿಂದ ಗೊಗ್ಗರು ಗಂಡುದನಿ ಬಂತು. "ಬಾಗಿಲ ಹತ್ರ ನಿಲ್ಲಬೇಡಿ!"

ಮೇಲ್ವಿಚಾರಕರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಹಣ್ಣೆಲ್ಲ ನೆಲದ ಪಾಲು! ಅತ್ತೆ ಮಾತ್ರ ಅಳುಕದೆ ಪರದೆ ಸರಿಸಿದರು. ಪಂಜರದಲ್ಲಿ ಅರೆಬತ್ತಲೆ ಗಿಳಿ. ಪ್ರತಿಜ್ಞೆಯ ಪ್ರಕಾರ ಭಾಷಣ ಆರಂಭವಾಗಿತ್ತು, ಆದರೆ ಚಪ್ಪಾಳೆ ತಟ್ಟುವವರಿರಲಿಲ್ಲ.

"ಇದಾ ನಿಮ್ಮನೆಯವರು?" ಎಂದಳು ಅಕ್ಕ.

"ಹೆಂಡ್ತಿ ಅಂತ ನಾನು ಯಾವತ್ತೂ ಅನ್ಲಿಲ್ಲ ಅಕ್ಕಾ. ಮನೇಲಿ ಅಂದೆ. ಮನೇಲಿರೋದು ಇದೊಂದೇ."

"ಥೂ ನಿನ್ನ! ನಿನ್ನ ಮಾತು ಕಟ್ಕೊಂಡು ಹನ್ನೊಂದು ದಿನದಿಂದ ನಮ್ಮನೇಲಿ ಮಾತಾಡ್ಸಿದೀನಲ್ಲಯ್ಯಾ! ಈಗ ಅವಳು ನಿಲ್ಲಿಸ್ತಾನೇ ಇಲ್ಲ!" ಎಂದು ಮೇಲ್ವಿಚಾರಕರು ಹಣ್ಣು ಹೆಕ್ಕುತ್ತಲೇ ಗುಡುಗಿದರು.

ಅತ್ತೆ ಪಂಜರಕ್ಕೆ ಶಾಲು ಹೊದಿಸಿದರು. "ಬೆಳಗ್ಗಿಂದ ಸಂಜೆವರೆಗೆ ಬೀಗ ಹಾಕಿದ ಮನೇಲಿ ಇದು ಬದುಕಲ್ಲ. ನಮ್ಮನೇಲಿ ಹನ್ನೊಂದು ಜನ. ಇದಕ್ಕೆ ಕಿವಿ ಮುಚ್ಚಿಕೊಳ್ಳೋಕೆ ಪುರುಸೊತ್ತು ಸಿಕ್ಕಲ್ಲ. ನಾನು ತಗೊಂಡು ಹೋಗ್ತೀನಿ."

"ತಗೊಂಡು ಹೋಗಿ. ನನಗೇನಂತೆ!" ಎಂದ ಹಲೋ, ಗಂಡಸಾಗಿ. ಅವರು ಹೋದ ಮೇಲೆ ಪಂಜರವಿದ್ದ ಜಾಗ ಗುಡಿಸಿದ. ಗುಡಿಸಲು ಏನೂ ಇರಲಿಲ್ಲ. ಆದರೂ ಗುಡಿಸಿದ.

ಆಫೀಸಿನಲ್ಲಿ ಮೂರು ಕುರ್ಚಿಗಳೂ ತಮ್ಮ ತಮ್ಮ ಮೇಜಿಗೆ ವಾಪಸಾದವು. ಎರಡು ದಿನ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೂರನೆಯ ದಿನ ನಗುವುದನ್ನೂ ಬಿಟ್ಟರು. ನಗುತ್ತಿದ್ದಾಗಲೇ ವಾಸಿಯಿತ್ತು ಎನಿಸಿತು ಹಲೋಗೆ. ಗಿಳಿಯ ಸಮಾಚಾರ ಬೇಕಾದವರು ಈಗ ಸ್ಟೋರಿನ ಕಿಟಕಿಗೆ ಹೋಗುತ್ತಿದ್ದರು. "ಎದೇಲಿ ಚಿಗುರು ಬಂದಿದೆ!" ಎಂದು ಅಕ್ಕ ಹೇಳುವುದು ಅವನಿಗೆ ದೂರದಿಂದ ಕೇಳಿಸುತ್ತಿತ್ತು. ಅಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. "ಹಲೋ? ಹೆದರಬೇಡಿ..."

ಭಾನುವಾರ ಅವನು ಅಕ್ಕನ ಮನೆಗೆ ಹೋದ. ಪಂಜರದ ಕೊಂಡಿ ಸಡಿಲವಿತ್ತು, ಬಿಗಿ ಮಾಡಬೇಕು ಎಂದು ನೆಪ. ಮರು ಭಾನುವಾರ ಅದೇ ಕೊಂಡಿ ಅತಿ ಬಿಗಿಯಾಗಿದೆ ಎಂದು. ಅದರ ಮರು ಭಾನುವಾರ ಇನ್ನಾವುದೋ ಸ್ಕ್ರೂ. ಮನೆ ತುಂಬ ಗದ್ದಲ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಗಿಳಿ ನಡುವೆ ರಾಜನಂತೆ ಕೂತಿತ್ತು. ಹಲೋ ಬಂದೊಡನೆ ಸರಳಿಗೆ ಕೊಕ್ಕು ಉಜ್ಜುತ್ತಿತ್ತು, ಅಷ್ಟೇ. 'ನನಗಿಂತ ಇವರೇ ವಾಸಿ ಅನ್ನಿಸಿದೆ ಇದಕ್ಕೆ' ಎಂದುಕೊಂಡು ಹಲೋ ಹತ್ತು ನಿಮಿಷಕ್ಕೇ ಎದ್ದುಬಿಡುತ್ತಿದ್ದ.

ನಾಲ್ಕನೆಯ ಭಾನುವಾರ ಎದ್ದು, ಎಲ್ಲರಿಗೂ ಕೇಳುವಂತೆ "ಬರ್ತೀನಿ" ಎನ್ನಲು ಬಾಯಿ ತೆರೆದ. ಅತ್ತೆ ಓಡಿ ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದರು.

"ಶ್! ಆ ಮಾತು ಆಡಬೇಡ!"

ಗಿಳಿ ಆಗಲೇ ಕತ್ತು ಬಗ್ಗಿಸಿ ಎದೆಗೆ ಕೊಕ್ಕು ಹಚ್ಚಿತ್ತು. ಅತ್ತೆ ಸೆರಗಿನ ಗಂಟು ಬಿಚ್ಚಿ ಮೂರು ಪುಟ್ಟ ಗರಿ ತೋರಿಸಿದರು.

"ಮೂರು ಭಾನುವಾರ, ಮೂರು ಪುಕ್ಕ. ವಾರ ಪೂರ್ತಿ ಒಂದೂ ಕೀಳಲ್ಲ. ನೀನು ಬಂದಾಗಲೂ ಕೀಳಲ್ಲ. ನೀನು 'ಬರ್ತೀನಿ' ಅಂದ ಕೂಡಲೇ ಒಂದು ಕಿತ್ತು ಎಸೆಯುತ್ತೆ. ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅದಕ್ಕೆ ಗೊತ್ತಾಗಿಬಿಟ್ಟಿದೆ."

ಹಲೋ ಚಪ್ಪಲಿಯ ಕಡೆ ನೋಡಿದ, ಗಿಳಿಯ ಕಡೆ ನೋಡಿದ.

"ಹಾಗಾದ್ರೆ ಹೊರಡೋವಾಗ ಏನನ್ನಲಿ ಅತ್ತೆ?"

"ಏನೂ ಅನ್ನಬೇಡ. ಕೂತ್ಕೋ."