ಹೋಮ್ಲಿ ಅಂದದ್ದೇ ತಪ್ಪಾಯ್ತು

ಕ್ಲಾರಿ ಡನ್‌ಸ್ಟನ್‌ಗೆ ಹೆಂಗಸರ ಎದುರು ನಾಲಿಗೆಯೇ ಹೊರಳುತ್ತಿರಲಿಲ್ಲ. ಅಂಥವನು ಶನಿವಾರ ಬೆಳಿಗ್ಗೆ ಬೌಲ್ಸ್ ಆಟದ ಕ್ಲಬ್ಬಿನ ಚಹಾಕೂಟದಲ್ಲಿ ಧೈರ್ಯ ಮಾಡಿ ಬಾಯಿ ತೆರೆದ. ತೆರೆಯದಿದ್ದರೇ ಚೆನ್ನಾಗಿತ್ತು.

ಟಾಸ್ಮೇನಿಯಾದ ಆ ಪುಟ್ಟ ಊರಿಗೆ ಅಮೆರಿಕದಿಂದ ಬಂದು ನೆಲೆಸಿದ್ದ ಡಾರ್ಲೀನ್ ಎಂದರೆ ಅವನಿಗೆ ಪ್ರಾಣ. ಸಂಜೆ ಕ್ಲಬ್ಬಿನಲ್ಲಿ ಡ್ಯಾನ್ಸ್. ಅವಳನ್ನು ಜೊತೆಗೆ ಕರೆಯಬೇಕು, ಇವತ್ತು ತಪ್ಪಿದರೆ ಇನ್ನು ಬರುವ ವರ್ಷವೇ. ಅವಳೇ ಬೇಯಿಸಿ ಕೈಗಿತ್ತ ಸ್ಕೋನ್ ಬನ್ನನ್ನು ಕಚ್ಚಿ, ಎಲ್ಲರಿಗೂ ಕೇಳುವಂತೆ ಮನಸಾರೆ ಹೊಗಳಿದ: “ಡಾರ್ಲೀನ್, ನಿಮ್ಮಷ್ಟು ಹೋಮ್ಲಿ ಹೆಂಗಸನ್ನ ನಾನು ಜನ್ಮದಲ್ಲಿ ನೋಡಿಲ್ಲ!”

ಡಾರ್ಲೀನಳ ನಗು ಮಾಯವಾಯಿತು. ಅವನ ಕೈಲಿದ್ದ ಅರ್ಧ ಸ್ಕೋನನ್ನೂ ಕಿತ್ತುಕೊಂಡು ಹೊರಟೇಹೋದಳು.

“ಏನಂದ್ಯೋ ಅವಳಿಗೆ? ಕಣ್ಣು ಒರೆಸ್ಕೊಂಡು ಹೋದ್ಲು!” ಡಾರ್ಲೀನಳ ಪಕ್ಕದ ಮನೆಯ ನೋಲೀನ್ ಹೊರಗಿನಿಂದ ಓಡಿಬಂದಳು.

“ಹೊಗಳಿದೆ ಕಣೇ! ಹೋಮ್ಲಿ ಅಂದೆ!”

“ಅದಕ್ಯಾಕೆ ಅಳಬೇಕು? ಸಂಕೋಚ ಇರಬೇಕು ಪಾಪ. ಹೋಗು, ಹೂ ಕೊಟ್ಟು ಇನ್ನೊಂದ್ಸಲ ಹೇಳು.”

ಕ್ಲಾರಿ ಡ್ಯಾಫಡಿಲ್ ಹೂಗಳನ್ನು ಹಿಡಿದು ಅವಳ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಿದ: “ನೀವು ನಿಜವಾಗ್ಲೂ ಹೋಮ್ಲಿ! ನಾನೊಬ್ಬನೇ ಹೇಳ್ತಿಲ್ಲ, ಊರಿಗೆಲ್ಲ ಗೊತ್ತು! ಯಾರನ್ನ ಬೇಕಾದ್ರೂ ಕೇಳಿ!”

ಮೇಲಿನ ಕಿಟಕಿ ತೆರೆಯಿತು. ಒಂದು ಬಕೆಟ್ ನೀರು ಬಿತ್ತು.

ತಲೆ ಒರೆಸಿಕೊಳ್ಳಲು ಅವನು ಹೊಕ್ಕದ್ದು ಕ್ಷೌರದ ಕೆವ್‌ನ ಅಂಗಡಿಗೆ. ಕೆವ್ ಬಹಳ ವರ್ಷ ಅಮೆರಿಕದಲ್ಲಿ ಕತ್ತರಿ ಆಡಿಸಿ ಬಂದವನು. ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ ಪೆದ್ದೇ! ನಮಗೆ ಹೋಮ್ಲಿ ಅಂದ್ರೆ ಅಕ್ಕರೆಯವಳು, ಮನೆ ತುಂಬೋ ಥರದವಳು. ಅಮೆರಿಕದವರಿಗೆ ಹೋಮ್ಲಿ ಅಂದ್ರೆ ಕುರೂಪಿ ಕಣೋ, ಕುರೂಪಿ!”

ಕ್ಲಾರಿ ಕುರ್ಚಿಯಲ್ಲಿ ಕುಸಿದ. “ಊರಿಗೆಲ್ಲ ಗೊತ್ತು ಅಂತ ಬೇರೆ ಕೂಗಿ ಬಂದ್ನಲ್ಲೋ!”

“ಈಗೇನು ಮುಳುಗಿಹೋಗಿಲ್ಲ. ಹೋಗಿ, ನೀವು ಖಂಡಿತ ಹೋಮ್ಲಿ ಅಲ್ಲ ಅನ್ನು. ಬೇರೆ ಒಂದಕ್ಷರ ಸೇರಿಸಬೇಡ. ನಿನ್ನ ಬಾಯಿ ನನಗೆ ಗೊತ್ತು.”

ಮಧ್ಯಾಹ್ನವೆಲ್ಲ ಕ್ಲಾರಿ ಅಂಗಡಿಯ ಕನ್ನಡಿಗೆ ಅದನ್ನೇ ಒಪ್ಪಿಸಿದ. ಸಂಜೆ ಟೈ ಕಟ್ಟಿಕೊಂಡು ಹೋಗಿ ಬಾಗಿಲು ತಟ್ಟಿದ.

ಬಾಗಿಲು ತಕ್ಷಣ ತೆರೆಯಿತು. ಡಾರ್ಲೀನ್ ಹೊಸ ನೀಲಿ ಉಡುಪಿನಲ್ಲಿ ನಗುತ್ತ ನಿಂತಿದ್ದಳು. ಅವಳು ಏನೋ ಹೇಳಲು ಬಾಯಿ ತೆರೆದಳು. ಕ್ಲಾರಿ ಅವಕಾಶ ಕೊಟ್ಟರೆ ತಾನೆ? “ಡಾರ್ಲೀನ್, ಬೆಳಿಗ್ಗೆ ಹೇಳಿದ್ದು ಶುದ್ಧ ತಪ್ಪು! ನೀವು ಹೋಮ್ಲಿ ಅಲ್ಲವೇ ಅಲ್ಲ! ಒಂಚೂರೂ ಅಲ್ಲ!”

ಬಾಗಿಲು ಅವನ ಮೂಗಿಗೆ ಬಡಿಯುವಂತೆ ಮುಚ್ಚಿತು.

ಬೇಲಿಯಾಚೆಯಿಂದ ನೋಲೀನ್ ಕತ್ತು ಚಾಚಿದಳು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

“ಎಲ್ಲಾ ಸರಿಹೋಯ್ತಾ? ಅತ್ತಿದ್ಯಾಕೆ ಅಂತ ಮಧ್ಯಾಹ್ನ ಅವಳನ್ನೇ ಕೇಳಿ ತಿಳ್ಕೊಂಡು, ನಾನೇ ಬಿಡಿಸಿ ಹೇಳಿದೆ. ನಮ್ಮೂರಲ್ಲಿ ಹೋಮ್ಲಿ ಅಂದ್ರೆ ಅಕ್ಕರೆಯವಳು, ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಅಂತ. ಪಾಪ, ಎಷ್ಟು ಖುಷಿಪಟ್ಲು ಗೊತ್ತಾ! ನಿನಗೆ ಅಂತ ಆಪಲ್ ಪೈ ಮಾಡಿದ್ದಾಳೆ. ಡ್ಯಾನ್ಸಿಗೂ ಬರ್ತೀನಿ ಅಂದ್ಲು. ಹೇಳೋ, ನೀನೇನಂದೆ?”

ಕ್ಲಾರಿ ಟೈ ಸಡಿಲಿಸಿಕೊಂಡು ಗೇಟಿನ ಕಡೆ ನಡೆದ. ಅವತ್ತಿನ ಮಟ್ಟಿಗೆ ಬೇಕಾದಷ್ಟು ಬಾಯಿ ಬಿಟ್ಟಾಗಿತ್ತು.